ಸಣ್ಣ ಕೊಳದಲ್ಲಿ ಬಾಸ್ ಹಿಡಿಯುವಾಗ: ತಪ್ಪು ಲೂರಿನದೋ, ರೀಲಿನದೋ?

ಲಾರ್ಜ್‌ಮೌತ್ ಬಾಸ್ ಎಂಬ ಬೇಟೆಗಾರ ಮೀನಿಗಾಗಿ ಕೊಳದ ದಡದಲ್ಲಿ ನಿಂತವರ ದೂರುಗಳನ್ನು ಕೂಡಿಸಿದರೆ ಐದು ಬಗೆಗಿಂತ ಹೆಚ್ಚಾಗುವುದಿಲ್ಲ. ಎಸೆತ ದೂರ ಹೋಗುತ್ತಿಲ್ಲ, ದಾರ ಗೋಜಲಾಗುತ್ತಿದೆ, ಮೀನು ಕಚ್ಚುತ್ತಿಲ್ಲ, ಕಚ್ಚಿದರೂ ಗಾಳ ಕೂರುತ್ತಿಲ್ಲ, ಕೂತರೂ ದಡ ಮುಟ್ಟುವ ಮೊದಲೇ ತಪ್ಪಿಸಿಕೊಳ್ಳುತ್ತಿದೆ. ಐದಕ್ಕೂ ಬಹಳ ಜನ ಮಾಡುವ ಮದ್ದು ಒಂದೇ: ಡಬ್ಬಿ ತೆರೆದು ಲೂರ್, ಅಂದರೆ ಮೀನನ್ನು ಮರುಳು ಮಾಡುವ ಕೃತಕ ಎರೆ, ಬದಲಿಸುವುದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಲೂರ್, ದಾರ, ದಾರ ಸುತ್ತುವ ರೀಲ್ ಈ ಮೂರನ್ನೂ ಬೇರೆ ಬೇರೆಯಾಗಿ ನೋಡಿದರೆ ದೋಷ ಸಿಗುವುದಿಲ್ಲ. ರೀಲ್ ಕೆಟ್ಟಿದೆ ಅನ್ನಿಸಿದಾಗ ಎಷ್ಟೋ ಸಲ ಲೂರಿನ ತೂಕ ತಪ್ಪಾಗಿರುತ್ತದೆ. ಲೂರ್ ಸರಿಯಿಲ್ಲ ಅನ್ನಿಸಿದಾಗ ರೀಲಿನ ರೋಲರ್, ಅಂದರೆ ದಾರ ಹಾಯುವ ಪುಟ್ಟ ಉರುಳೆ, ಸಿಕ್ಕಿಕೊಂಡಿರುತ್ತದೆ. ಅದಕ್ಕೇ ಈ ಕೈಪಿಡಿ ಭಾಗಗಳ ಪ್ರಕಾರ ನಡೆಯದೆ ಲಕ್ಷಣಗಳ ಪ್ರಕಾರ ನಡೆಯುತ್ತದೆ. ಒಂದು ಶಿಸ್ತು ಮಾತ್ರ ಬೇಕು: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಲೂರ್, ಬಣ್ಣ, ಜಾಗ ಮೂರನ್ನೂ ಒಟ್ಟಿಗೆ ಬದಲಿಸಿ ಮೀನು ಸಿಕ್ಕಿದರೆ ಖುಷಿಯೇನೋ ಆಗುತ್ತದೆ, ಯಾಕೆ ಸಿಕ್ಕಿತು ಅನ್ನುವುದು ಮಾತ್ರ ತಿಳಿಯುವುದಿಲ್ಲ.

ಎಸೆತ ಮೊಟಕಾಗುತ್ತಿದೆ, ದಾರ ಗೋಜಲಾಗುತ್ತಿದೆ

ಮೊದಲು ತೂಕ ನೋಡಿ. ರಾಡಿನ, ಅಂದರೆ ಗಾಳದ ಕೋಲಿನ, ಹಿಡಿಯ ಮೇಲ್ಭಾಗದಲ್ಲಿ ಅದು ಎಷ್ಟು ತೂಕದ ಲೂರಿಗೆ ಹೊಂದುತ್ತದೆ ಅನ್ನುವುದು ಅಚ್ಚಾಗಿರುತ್ತದೆ. ಔನ್ಸಿನಲ್ಲಿ ಬರೆದಿದ್ದರೆ 1/8 ಅಂದರೆ ಸುಮಾರು 3.5 ಗ್ರಾಂ, 1/4 ಅಂದರೆ 7 ಗ್ರಾಂ, 3/8 ಅಂದರೆ ಹತ್ತೂವರೆ ಗ್ರಾಂ. ಸಣ್ಣ ಕೊಳಕ್ಕೆ ಒಪ್ಪುವ ಲೂರುಗಳು ಬಹುಪಾಲು 3ರಿಂದ 7 ಗ್ರಾಂ ಒಳಗಿನವು. ದಪ್ಪ ರಾಡ್, ಬೇಟ್‌ಕಾಸ್ಟಿಂಗ್ ರೀಲ್ ಹಿಡಿದು ಇಂಥ ಹಗುರ ಲೂರ್ ಎಸೆದರೆ ಗೋಜಲಾಗದೆ ಇನ್ನೇನಾದೀತು? ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಲೂರ್ ತನ್ನ ತೂಕದಿಂದಲೇ ದಾರ ಸುತ್ತಿದ ಸ್ಪೂಲನ್ನು ತಿರುಗಿಸಬೇಕು. ಲೂರಿನ ವೇಗ ಗಾಳಿಯಲ್ಲಿ ಇಳಿದರೂ ಸ್ಪೂಲ್ ತಿರುಗುತ್ತಲೇ ಇರುತ್ತದೆ, ಹೆಚ್ಚಾಗಿ ಬಿಚ್ಚಿದ ದಾರ ಒಳಗೇ ಉಬ್ಬುತ್ತದೆ. ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸ್ಪೂಲ್ ಅಲುಗಾಡುವುದೇ ಇಲ್ಲ, ದಾರ ಅಂಚಿನ ಮೇಲಿಂದ ಜಾರಿ ಹೋಗುತ್ತದೆ. ಹಾಗಾಗಿ ಸಣ್ಣ ಕೊಳಕ್ಕೆ ಒಂದೇ ರೀಲ್ ಕೊಳ್ಳುವುದಾದರೆ 2500 ಗಾತ್ರದ (ಇದು ತಯಾರಕರು ರೀಲಿಗೆ ಕೊಡುವ ಗಾತ್ರದ ಅಂಕಿ) ಸ್ಪಿನ್ನಿಂಗ್ ರೀಲ್ ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಗುರ ಲೂರಿಗೆಂದೇ ಮಾಡಿದ ಬೇಟ್‌ಕಾಸ್ಟಿಂಗ್ ರೀಲುಗಳೂ ಇವೆ, ಆದರೆ ಮೊದಲ ರೀಲಾಗಿ ಅವು ಬೇಡ.

ಬೇಟ್‌ಕಾಸ್ಟಿಂಗೇ ಬೇಕೆನ್ನುವವರು ಪ್ರತಿ ಸಲ ಲೂರ್ ಬದಲಿಸಿದಾಗಲೂ ಸ್ಪೂಲಿನ ಬಿಗಿತ ಮತ್ತೆ ಹೊಂದಿಸಬೇಕು. ರಾಡನ್ನು ಅಡ್ಡ ಹಿಡಿದು, ಲೂರನ್ನು ತುದಿಯಲ್ಲಿ ತೂಗುಬಿಟ್ಟು, ಸ್ಪೂಲ್ ಬಿಡುಗಡೆ ಮಾಡಿ. ಲೂರ್ ನಿಧಾನವಾಗಿ ಇಳಿಯಬೇಕು. ನೆಲ ಮುಟ್ಟಿದ ಕ್ಷಣ ಸ್ಪೂಲೂ ನಿಲ್ಲಬೇಕು. ಸ್ಪೂಲಿನ ಓಟ ತಡೆಯುವ ಬ್ರೇಕನ್ನು ಹೆಚ್ಚಿನ ಅಂಕಿಯಲ್ಲಿಟ್ಟು ಶುರುಮಾಡಿ, ಕೈ ಪಳಗಿದಂತೆ ಇಳಿಸಿಕೊಳ್ಳಿ. ಲೂರ್ ನೀರಿಗೆ ಬೀಳುವ ತುಸು ಮೊದಲು ಹೆಬ್ಬೆರಳು ಸ್ಪೂಲಿನ ಮೇಲೆ ಕೂರಲೇಬೇಕು. ಈ ಅಭ್ಯಾಸದ ಜಾಗವನ್ನು ಯಾವ ಬ್ರೇಕೂ ತುಂಬುವುದಿಲ್ಲ.

ಸ್ಪಿನ್ನಿಂಗ್ ರೀಲಿನಲ್ಲಿ ತೂಕ ಸರಿಯಿದ್ದೂ ಎಸೆತ ಮೊಟಕಾದರೆ ಸ್ಪೂಲಿನ ಅಂಚು ನೋಡಿ. ದಾರ ಅಂಚಿನಿಂದ 2–3 ಮಿಲಿಮೀಟರ್ ಕೆಳಗಿರಬೇಕು. ಅದಕ್ಕಿಂತ ತೀರಾ ಕೆಳಗಿದ್ದರೆ ಪ್ರತಿ ಸುತ್ತೂ ಅಂಚಿಗೆ ಉಜ್ಜಿಕೊಂಡೇ ಹೊರಡುತ್ತದೆ. ಅಂಚಿನವರೆಗೂ ತುಂಬಿದ್ದರೆ ಸುತ್ತುಗಳು ಗುಂಪಾಗಿ ಜಿಗಿದು, ದಾರ ಹಾಯುವ ರಾಡಿನ ಮೊದಲ ರಿಂಗಿನಲ್ಲೇ ಗಂಟಾಗುತ್ತವೆ. ಹೊಸ ದಾರ ತುಂಬಿಸಿದ ದಿನ ಗೋಜಲು ಹೆಚ್ಚಾಗುವುದು ಸಾಮಾನ್ಯವಾಗಿ ಇದೇ ಕಾರಣಕ್ಕೆ. ಹೆಣೆದ ದಾರ, ಅಂದರೆ ಬ್ರೇಡ್, ಆಗಿದ್ದರೆ ಇನ್ನೊಂದು ಪರೀಕ್ಷೆ: ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ದಾರ ಬಿಡುವ ತಡೆ, ಬಿಗಿಯಾಗಿದ್ದೂ ದಾರ ಎಳೆದಾಗ ಸ್ಪೂಲಿನ ಮೇಲಿನ ಇಡೀ ಸುತ್ತು ಜಾರುತ್ತಿದೆಯೇ? ನುಣುಪಾದ ಸ್ಪೂಲಿಗೆ ನೇರವಾಗಿ ಸುತ್ತಿದ ಬ್ರೇಡ್ ಹಿಡಿತವಿಲ್ಲದೆ ಹಾಗೆ ತಿರುಗುತ್ತದೆ. ಎಲ್ಲವನ್ನೂ ಬಿಚ್ಚಿ, ತಳದಲ್ಲಿ ಕೆಲವು ಮೀಟರ್ ನೈಲಾನ್ ಸುತ್ತಿ, ಅದಕ್ಕೆ ಬ್ರೇಡ್ ಕಟ್ಟಿ.

ಈಗ ಸುರುಳಿ. ಇದು ಅತಿ ಹೆಚ್ಚು ಜನರನ್ನು ಕಾಡುವ, ಆದರೆ ಅತಿ ಕಡಿಮೆ ಜನ ಗುರುತಿಸುವ ದೋಷ. ರಾಡಿನ ತುದಿಯಿಂದ ಒಂದೂವರೆ ಮೀಟರ್ ದಾರ ಎಳೆದು, ಎರಡು ಕೊನೆಗಳನ್ನು ಹತ್ತಿರ ತನ್ನಿ. ನಡುವೆ ಜೋಲಿಬಿದ್ದ ದಾರ ತನ್ನಷ್ಟಕ್ಕೆ ಹೊಸೆದುಕೊಂಡರೆ ಸುರುಳಿ ಏರಿದೆ ಎಂದರ್ಥ. ಕಾರಣಗಳಲ್ಲಿ ಮೊದಲನೆಯದು ಕೈಯ ತಪ್ಪು: ಮೀನು ಡ್ರ್ಯಾಗಿನಿಂದ ದಾರ ಎಳೆದುಕೊಂಡು ಹೋಗುತ್ತಿರುವಾಗಲೇ ಹ್ಯಾಂಡಲ್ ತಿರುಗಿಸುತ್ತಾ ಇರುವುದು. ಗೇರ್ ಅನುಪಾತ 6:1 ಇದ್ದರೆ ಹ್ಯಾಂಡಲಿನ ಒಂದು ಸುತ್ತಿಗೆ ದಾರಕ್ಕೆ ಆರು ಹೊಸೆತ ಬೀಳುತ್ತದೆ. ಡ್ರ್ಯಾಗ್ ಕೂಗುತ್ತಿದ್ದರೆ ಹ್ಯಾಂಡಲ್ ಬಿಡಿ, ಅದು ನಿಂತ ಮೇಲೆ ಸುತ್ತಿ. ಎರಡನೆಯದು ಲೂರ್: ತಿರುಗುವ ಲೋಹದ ಎಲೆಯ ಸಣ್ಣ ಸ್ಪಿನ್ನರುಗಳು, ಗಾಳಕ್ಕೆ ಓರೆಯಾಗಿ ಪೋಣಿಸಿದ ಮೆತ್ತನೆಯ ಪ್ಲಾಸ್ಟಿಕ್ ಹುಳ. ಸ್ಪಿನ್ನರಿನ ಮುಂದೆ ಒಂದು ಒಳ್ಳೆಯ ಸ್ವಿವೆಲ್ (ತಿರುಗುವ ಕೊಂಡಿ) ಹಾಕಿ. ಹುಳವನ್ನು ನೇರವಾಗುವವರೆಗೂ ಮತ್ತೆ ಮತ್ತೆ ಪೋಣಿಸಿ. ಮೂರನೆಯದು, ಎಸೆದ ಮೇಲೆ ಬೇಲ್ ಅನ್ನು (ದಾರ ಹಿಡಿಯುವ ಕಂಬಿಯನ್ನು) ಹ್ಯಾಂಡಲ್ ತಿರುಗಿಸಿ ಮುಚ್ಚುವುದು. ಕೈಯಿಂದಲೇ ಮುಚ್ಚಿ, ದಾರವನ್ನು ಒಮ್ಮೆ ಎಳೆದು ಬಿಗಿ ಮಾಡಿ, ಆಮೇಲೆ ಸುತ್ತಿ. ಹಗುರ ಲೂರನ್ನು ಕುಣಿಸುತ್ತಾ ತರುವಾಗ ದಾರ ಸಡಿಲವಾಗಿಯೇ ಸ್ಪೂಲ್ ಸೇರುತ್ತದೆ, ಆ ಸಡಿಲು ಸುತ್ತು ಮುಂದಿನ ಎಸೆತದಲ್ಲಿ ಉಂಡೆಯಾಗಿ ಹೊರಬರುತ್ತದೆ. ಕೈಯಿಂದ ಬಿಗಿ ಮಾಡುವ ಅಭ್ಯಾಸ ಅದನ್ನೂ ತಡೆಯುತ್ತದೆ.

ಏರಿದ ಸುರುಳಿ ಇಳಿಸಲು ಲೂರ್, ಸ್ವಿವೆಲ್ ಎಲ್ಲ ಬಿಚ್ಚಿ, ಬಯಲಿನಲ್ಲಿ ಬರಿಯ ದಾರವನ್ನು ಉದ್ದಕ್ಕೂ ಬಿಟ್ಟು ಎಳೆದುಕೊಂಡು ನಡೆಯಿರಿ. ತುದಿ ಸ್ವತಂತ್ರವಾಗಿ ತಿರುಗಿ ಹೊಸೆತ ಬಿಚ್ಚಿಕೊಳ್ಳುತ್ತದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಿ.

ರೀಲ್ ಗರಗರ ಅನ್ನುತ್ತಿದೆ

ಎಣ್ಣೆ ಬಾಟಲಿಗೆ ಕೈ ಹಾಕುವ ಮೊದಲು ಸದ್ದು ಎಲ್ಲಿಂದ ಅನ್ನುವುದನ್ನು ಬೇರ್ಪಡಿಸಿ. ಸ್ಪೂಲ್ ತೆಗೆದು ಹ್ಯಾಂಡಲ್ ತಿರುಗಿಸಿ. ಸದ್ದು ನಿಂತಿತೇ? ಹಾಗಾದರೆ ತೊಂದರೆ ಸ್ಪೂಲಿನ ಕೆಳಗೆ. ಅಲ್ಲಿ ದಾರದ ತುಂಡು ಅಥವಾ ಪಾಚಿಯ ಎಳೆ ಸುತ್ತಿಕೊಂಡಿರುತ್ತದೆ. ಇನ್ನೂ ಇದೆಯೇ? ಈಗ ಸ್ಪೂಲ್ ಮರಳಿ ಹಾಕಿ, ದಾರದ ತುದಿಯನ್ನು ಯಾರಾದರೂ ಹಿಡಿದು ಎಳೆಯಲಿ, ನೀವು ಸುತ್ತಿ. ಭಾರ ಬಿದ್ದಾಗ ಮಾತ್ರ ಕಿರುಗುಟ್ಟಿದರೆ ಮೊದಲ ಅನುಮಾನ ಬೇಲಿನ ತುದಿಯ ರೋಲರ್ ಮೇಲೆ. ಭಾರವಿಲ್ಲದೆಯೂ ಒಂದೇ ಲಯದಲ್ಲಿ ಟಕ್ ಟಕ್ ಅನ್ನುತ್ತಿದ್ದರೆ ಮುಖ್ಯ ಗೇರಿನ ಹಲ್ಲಿಗೆ ಪೆಟ್ಟಾಗಿರಬಹುದು. ಮರಳು ಅರೆದಂತೆ ಕೇಳಿಸುತ್ತಿದ್ದರೆ ಬೇರಿಂಗಿಗೆ ಕೆಸರು ಸೇರಿದೆ.

ರೋಲರ್ ಸಣ್ಣ ಕೊಳದ ಮೊದಲ ಬಲಿ. ಎಳೆ ಎಳೆಯಾದ ಪಾಚಿ ದಾರಕ್ಕೆ ಅಂಟಿ ಬಂದು ರೋಲರಿನ ಎರಡೂ ಬದಿಯ ಸಂದಿಗೆ ಸೇರಿ, ಒಣಗಿ, ಅದನ್ನು ಕಟ್ಟಿಹಾಕುತ್ತದೆ. ತಿರುಗದ ರೋಲರಿನ ಮೇಲೆ ಉಜ್ಜಿದ ದಾರ ಕೆಲವೇ ದಿನಗಳಲ್ಲಿ ಒರಟಾಗುತ್ತದೆ, ಒರಟಾದ ದಾರ ಎಸೆತವನ್ನೂ ಕುಗ್ಗಿಸುತ್ತದೆ, ಗಂಟನ್ನೂ ದುರ್ಬಲ ಮಾಡುತ್ತದೆ. ಪರೀಕ್ಷೆ ಸುಲಭ: ದಾರವನ್ನು ರೋಲರಿನ ಮೇಲೆ ಬಿಗಿಯಾಗಿ ಹಿಡಿದು ಅತ್ತಿತ್ತ ಎಳೆಯಿರಿ. ರೋಲರ್ ಜೊತೆಗೆ ತಿರುಗಬೇಕು. ಇಲ್ಲವಾದರೆ ಅದರ ಸ್ಕ್ರೂ ಬಿಚ್ಚಿ, ವಾಷರುಗಳ ಕ್ರಮ ಫೋಟೊ ತೆಗೆದುಕೊಂಡು, ಆಲ್ಕೊಹಾಲಿನಲ್ಲಿ ತೊಳೆದು, ಒಣಗಿಸಿ, ಒಂದೇ ಹನಿ ರೀಲ್ ಎಣ್ಣೆ ಹಾಕಿ. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಇದೇ ಪಾಡು ಲೆವೆಲ್‌ವೈಂಡಿಗೆ, ಅಂದರೆ ದಾರವನ್ನು ಅತ್ತಿತ್ತ ಹರಡುವ ಭಾಗಕ್ಕೆ. ಅದರ ಹಿಂದಿನ ಸುರುಳಿ ಕಂಬಿಯ ಗೀರುಗಳಲ್ಲಿ ಪಾಚಿ ತುಂಬಿದರೆ ಅದು ನಡುನಡುವೆ ತಡೆದು ನಿಲ್ಲುತ್ತದೆ, ದಾರ ಒಂದೇ ಬದಿಗೆ ಗುಡ್ಡೆಯಾಗುತ್ತದೆ. ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ ತೆಗೆಯಿರಿ.

ಎಣ್ಣೆ ಎಲ್ಲಿ, ಗ್ರೀಸ್ ಎಲ್ಲಿ ಅನ್ನುವ ಗೊಂದಲಕ್ಕೆ ನೆನಪಿನ ಸೂತ್ರ ಹೀಗೆ: ವೇಗವಾಗಿ ತಿರುಗುವುದಕ್ಕೆ ಎಣ್ಣೆ, ಭಾರ ಹೊರುವುದಕ್ಕೆ ಗ್ರೀಸ್. ರೋಲರ್, ಹ್ಯಾಂಡಲಿನ ಹಿಡಿ, ಬೇಟ್‌ಕಾಸ್ಟಿಂಗಿನ ಸ್ಪೂಲ್ ಬೇರಿಂಗ್ ಇವಕ್ಕೆ ಎಣ್ಣೆ. ಮುಖ್ಯ ಗೇರ್, ಅದಕ್ಕೆ ಕೂಡುವ ಸಣ್ಣ ಗೇರಾದ ಪಿನಿಯನ್ ಇವಕ್ಕೆ ಗ್ರೀಸ್, ಅದೂ ಹಲ್ಲುಗಳ ಮೇಲೆ ತೆಳು ಲೇಪ. ಡಬ್ಬಿಯಿಂದ ಸಿಂಪಡಿಸುವ ತುಕ್ಕು ಬಿಡಿಸುವ ದ್ರವವನ್ನು ರೀಲಿಗೆ ಎಣ್ಣೆಯ ಬದಲು ಬಳಸಬೇಡಿ. ಅದು ಇರುವ ಗ್ರೀಸನ್ನೂ ಕರಗಿಸಿಕೊಂಡು ಹೋಗುತ್ತದೆ. ನಾನು ಕಂಡ ಮಟ್ಟಿಗೆ ಎಣ್ಣೆ ಕಾಣದೆ ಕೆಟ್ಟ ರೀಲುಗಳಷ್ಟೇ ಅತಿಯಾಗಿ ಎಣ್ಣೆ ಕುಡಿಸಿ ಕೆಟ್ಟವೂ ಇವೆ. ಅದಕ್ಕೆ ಉದಾಹರಣೆ ಹಿಮ್ಮುಖ ತಡೆ. ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ಹಿಡಿಯುವ ಕ್ಲಚ್ಚಿನೊಳಗೆ ಪುಟ್ಟ ಉರುಳೆಗಳಿರುತ್ತವೆ. ಗ್ರೀಸ್ ಅಲ್ಲಿಗೆ ಹರಿದರೆ ಉರುಳೆಗಳು ಜಾರುತ್ತವೆ, ಚಳಿಯಲ್ಲಿ ಗ್ರೀಸ್ ಗಟ್ಟಿಯಾದಾಗ ಇನ್ನೂ ಹೆಚ್ಚು. ಹ್ಯಾಂಡಲ್ ಒಮ್ಮೊಮ್ಮೆ ಸರ್ರನೆ ಹಿಂದಕ್ಕೆ ಹೋಗಿ ತಟ್ಟನೆ ನಿಂತರೆ ಇದೇ ಕಾರಣ. ಕ್ಲಚ್ಚನ್ನು ಬಿಡಿಸದೆ ಹಾಗೆಯೇ ಆಲ್ಕೊಹಾಲಿನಲ್ಲಿ ತೊಳೆದು, ತೀರಾ ತೆಳುವಾದ ಎಣ್ಣೆ ಸೋಕಿಸಿದರೆ ಸಾಕು. ಬಿಡಿಸಿದರೆ ಅದರ ಸ್ಪ್ರಿಂಗುಗಳನ್ನು ಹುಲ್ಲಿನಲ್ಲಿ ಹುಡುಕಬೇಕಾದೀತು.

ರೀಲ್ ಕೆಸರಿಗೆ ಬಿದ್ದರೆ ಹ್ಯಾಂಡಲ್ ತಿರುಗಿಸಿ ನೋಡುವ ಚಪಲ ಎಲ್ಲರಿಗೂ ಇರುತ್ತದೆ. ತಿರುಗಿಸಬೇಡಿ. ಒಂದೊಂದು ಸುತ್ತೂ ಮಣ್ಣನ್ನು ಇನ್ನಷ್ಟು ಒಳಗೆ ಅರೆಯುತ್ತದೆ. ಡ್ರ್ಯಾಗಿನ ನಾಬ್ ಪೂರ್ತಿ ಬಿಗಿ ಮಾಡಿ, ಶುದ್ಧ ನೀರನ್ನು ಮೆಲ್ಲಗೆ ಸುರಿದು ತೊಳೆಯಿರಿ. ರಭಸದ ಪೈಪು ಹಿಡಿದರೆ ನೀರಿನ ಜೊತೆ ಮಣ್ಣೂ ಬೇರಿಂಗಿನೊಳಗೆ ನುಗ್ಗುತ್ತದೆ. ನೆರಳಲ್ಲಿ ಒಣಗಿಸಿ, ಒಣಗಿದ ಮೇಲೆ ಡ್ರ್ಯಾಗ್ ಸಡಿಲಿಸಿ ಇಡಿ. ತಿಂಗಳುಗಟ್ಟಲೆ ಬಿಗಿಯಾಗಿಟ್ಟ ಡ್ರ್ಯಾಗಿನ ವಾಷರುಗಳು ಚಪ್ಪಟೆಯಾಗಿ ಅಂಟಿಕೊಳ್ಳುತ್ತವೆ.

ಎಲ್ಲ ಸರಿಯಿದೆ, ಮೀನೇ ಕಚ್ಚುತ್ತಿಲ್ಲ

ಈ ದೂರಿನಲ್ಲಿ ಬಣ್ಣದ ಪಾಲು ಅತಿ ಕಡಿಮೆ. ನಾನು ನೋಡುವ ಕ್ರಮ: ಜಾಗ, ಆಳ, ವೇಗ, ಗಾತ್ರ, ಕೊನೆಗೆ ಬಣ್ಣ.

ಸಣ್ಣ ಕೊಳದಲ್ಲಿ ಮೀನು ಹೆಚ್ಚಾಗಿ ನಿಮ್ಮ ಕಾಲ ಬುಡದಲ್ಲೇ ಇರುತ್ತದೆ. ದಡದ ಜೊಂಡು, ಬಾಗಿದ ಕೊಂಬೆ, ತೂಬಿನ ಬಾಯಿ, ಆಳ ತಟ್ಟನೆ ಹೆಚ್ಚುವ ಅಂಚು ಇವೇ ಲಾರ್ಜ್‌ಮೌತ್ ಬಾಸ್ ಹೊಂಚು ಹಾಕುವ ತಾಣಗಳು. ದಡದಲ್ಲಿ ದಪದಪ ನಡೆದ ಕಂಪನವನ್ನು ಅದು ಮೈಯ ಪಕ್ಕದ ಸಂವೇದನೆಯ ಗೆರೆಯಿಂದ ಗ್ರಹಿಸುತ್ತದೆ. ಆದ್ದರಿಂದ ನೀರಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು, ಮೊದಲ ಎಸೆತಗಳನ್ನು ದಡಕ್ಕೆ ಸಮಾನಾಂತರವಾಗಿ ಎಸೆಯಿರಿ. ನೇರ ನಡುಕೊಳಕ್ಕೆ ಎಸೆಯುವ ಆಸೆಯನ್ನು ಆಮೇಲೆ ತೀರಿಸಿಕೊಳ್ಳಬಹುದು. ನೆರಳು ನೀರಿನ ಮೇಲೆ ಬೀಳದಂತೆಯೂ ನೋಡಿಕೊಳ್ಳಿ.

ನೀರಿನ ತಾಪ ಗೊತ್ತಿದ್ದರೆ ಅರ್ಧ ಊಹೆ ಮುಗಿಯಿತು. 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಾಸಿನ ಜೀರ್ಣಶಕ್ತಿಯೇ ನಿಧಾನವಾಗಿರುತ್ತದೆ. ಓಡುವ ಲೂರನ್ನು ಅಟ್ಟಿಸಿಕೊಂಡು ಬರುವುದಿಲ್ಲ, ತಳದಲ್ಲಿ ಬಹುತೇಕ ನಿಂತೇ ಇರುವ ಸಣ್ಣ ಹುಳ ಬೇಕು. 15ರಿಂದ 24 ಡಿಗ್ರಿಯ ನಡುವೆ ಗಂಡು ಮೀನು ದಡದ ಹತ್ತಿರ ಗೂಡು ಮಾಡಿ ಮೊಟ್ಟೆ ಕಾಯುತ್ತದೆ. ಆಗ ಅದು ಹಸಿವಿಗಿಂತ ಕಾವಲಿಗೆ ಕಚ್ಚುತ್ತದೆ, ಆದರೆ ಅದನ್ನು ಎತ್ತಿದ ಗಳಿಗೆಯಲ್ಲೇ ಸಣ್ಣ ಮೀನುಗಳು ಮೊಟ್ಟೆಗೆ ನುಗ್ಗುತ್ತವೆ. ಸಣ್ಣ ಕೊಳದಲ್ಲಿ ಗೂಡು ಕಂಡರೆ ಬಿಟ್ಟುಬಿಡುವುದೇ ಲೇಸು. ಬೇಸಿಗೆಗೆ ಮುಂಜಾವಿನ ಸಲಹೆ ಎಲ್ಲರೂ ಕೊಡುತ್ತಾರೆ, ಆದರೆ ಗಿಡ ಪಾಚಿ ದಟ್ಟವಾಗಿರುವ ಕೊಳದಲ್ಲಿ ಅದು ತಲೆಕೆಳಗಾಗಬಹುದು. ರಾತ್ರಿಯಿಡೀ ಗಿಡಗಳೂ ಉಸಿರಾಡಿ, ನೀರಿನ ಆಮ್ಲಜನಕ ಸೂರ್ಯೋದಯದ ಹೊತ್ತಿಗೆ ಅತಿ ಕಡಿಮೆಗೆ ಇಳಿದಿರುತ್ತದೆ. ಬೆಳಗ್ಗೆ ಸುಮ್ಮನಿದ್ದ ಮೀನು ಬಿಸಿಲೇರಿದ ಮೇಲೆ ಚುರುಕಾಗುವುದು ಇದರಿಂದಲೇ. ಮೀನುಗಳು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ ಆವತ್ತು ಗಾಳ ಹಾಕಬೇಡಿ. ಆ ಸ್ಥಿತಿಯಲ್ಲಿ ಹೋರಾಡಿಸಿ ಬಿಟ್ಟ ಮೀನು ಬದುಕುವುದು ಕಷ್ಟ.

ಲೂರಿನ ಆಯ್ಕೆಗೆ ನೀರಿನ ತಿಳಿತನವೇ ಅಳತೆ. ಬಿಳಿಯ ಲೂರೊಂದನ್ನು ಮೆಲ್ಲಗೆ ಇಳಿಸಿ, ಎಲ್ಲಿ ಕಣ್ಮರೆಯಾಗುತ್ತದೆ ನೋಡಿ. ಒಂದು ಮೀಟರಿಗಿಂತ ಆಳದಲ್ಲೂ ಕಂಡರೆ ಹಸಿರು, ಕಂದು ಛಾಯೆಯ, ಸದ್ದಿಲ್ಲದ ಹುಳಗಳು, ತೆಳು ದಾರ. ಒಂದು ಗೇಣಿನೊಳಗೆ ಮರೆಯಾದರೆ ಕಣ್ಣಿನ ಕೆಲಸ ಮುಗಿಯಿತು. ಕಪ್ಪು ಅಥವಾ ಕಪ್ಪು-ನೀಲಿಯ ಗಾಢ ಆಕಾರ, ನೀರನ್ನು ನಡುಗಿಸುವ ದುಂಡನೆಯ ಎಲೆಯ ಸ್ಪಿನ್ನರ್‌ಬೇಟ್ (ತಂತಿಯ ತೋಳಿನಲ್ಲಿ ಎಲೆ ತಿರುಗುವ ಲೂರ್). ಉದ್ದನೆಯ ಎಲೆ ಮಿನುಗುತ್ತದೆ, ಕಡಿಮೆ ನಡುಗಿಸುತ್ತದೆ, ಆದ್ದರಿಂದ ತಿಳಿನೀರಿಗೆ. ಡಬ್ಬಿಯಲ್ಲಿ ನಾಲ್ಕಿದ್ದರೆ ಸಣ್ಣ ಕೊಳದ ಕೆಲಸ ನಡೆಯುತ್ತದೆ: 5 ಇಂಚಿನ ಕೋಲುಹುಳ, 7 ಗ್ರಾಮಿನ ಸ್ಪಿನ್ನರ್‌ಬೇಟ್, ಕಳೆಯ ಮೇಲೆ ಎಳೆಯಲು ಟೊಳ್ಳು ಕಪ್ಪೆ, ಒಂದು ಮೀಟರ್ ಆಳಕ್ಕಿಳಿಯುವ ಪುಟ್ಟ ಕ್ರ್ಯಾಂಕ್‌ಬೇಟ್ (ಎಳೆದಾಗ ಮುಳುಗಿ ಓಡುವ ಗಟ್ಟಿ ಲೂರ್). ನಾಲ್ಕರಲ್ಲೂ ಒಂದನ್ನೇ ಇಟ್ಟುಕೊಳ್ಳಿ ಅಂದರೆ ಕೋಲುಹುಳ. ಸೀಸವಿಲ್ಲದೆ, ನಡುವಿಗೆ ಗಾಳ ಚುಚ್ಚಿ ಬಿಟ್ಟರೆ ಎರಡೂ ತುದಿ ನಡುಗುತ್ತಾ ಇಳಿಯುತ್ತದೆ. ಇಳಿಯುವಾಗಲೇ ಬಹುಪಾಲು ಕಚ್ಚುತ್ತವೆ. ಹುಳ ಬೇಗ ಹರಿಯುತ್ತಿದ್ದರೆ ನಡುವಿಗೆ ಒಂದು ರಬ್ಬರ್ ಉಂಗುರ ತೊಡಿಸಿ, ಅದಕ್ಕೆ ಗಾಳ ಸಿಕ್ಕಿಸಿ.

ಸರಿಯಾದ ಲೂರೇ ತಪ್ಪಾಗಿ ಈಜುತ್ತಿರಲೂಬಹುದು. ಎದುರಿಗೇ ಎರಡು ಮೀಟರ್ ಎಳೆದು ನೋಡಿ. ಕ್ರ್ಯಾಂಕ್‌ಬೇಟ್ ಒಂದು ಬದಿಗೆ ವಾಲಿ ಬರುತ್ತಿದ್ದರೆ, ಅದರ ಮೂಗು ನಿಮ್ಮತ್ತ ಇರುವಂತೆ ಹಿಡಿದು, ದಾರ ಕಟ್ಟುವ ಕೊಂಡಿಯನ್ನು ವಾಲುವ ಬದಿಗೆ ವಿರುದ್ಧವಾಗಿ ಕೂದಲೆಳೆಯಷ್ಟು ಬಾಗಿಸಿ. ದಾರವೂ ನಡಿಗೆ ಕೆಡಿಸುತ್ತದೆ: ನೀರಿನ ಸಾಂದ್ರತೆ 1 ಅಂದುಕೊಂಡರೆ ಫ್ಲೂರೊಕಾರ್ಬನ್ ದಾರದ್ದು ಸುಮಾರು 1.78, ಮುಳುಗುತ್ತದೆ, ಹಾಗಾಗಿ ಮೇಲ್ನೀರಿನ ಲೂರಿನ ಮೂಗನ್ನು ಕೆಳಕ್ಕೆ ಎಳೆಯುತ್ತದೆ. ಬ್ರೇಡ್ ಸುಮಾರು 0.97, ತೇಲುತ್ತದೆ. ರೀಲಿನ ಪಾಲೂ ಇದೆ. 2500 ಗಾತ್ರದ ರೀಲು 5:1 ಆಗಿದ್ದರೆ ಹ್ಯಾಂಡಲಿನ ಒಂದು ಸುತ್ತಿಗೆ ಹತ್ತಿರ ಹತ್ತಿರ 75 ಸೆಂಟಿಮೀಟರ್ ದಾರ ಬರುತ್ತದೆ, 6:1 ಆದರೆ 90ರ ಸಮೀಪ. ವೇಗದ ರೀಲಿಗೆ ಬದಲಾಯಿಸಿದ ಮೇಲೆ ಹಳೆಯ ಕ್ರ್ಯಾಂಕ್‌ಬೇಟಿಗೆ ಮೀನು ಬರುವುದು ನಿಂತಿದ್ದರೆ ಲೂರನ್ನು ಬೈಯುವ ಮೊದಲು ಕೈಯ ಲಯ ನಿಧಾನಿಸಿ.

ಇಷ್ಟಾದ ಮೇಲೂ ನಿಶ್ಶಬ್ದವೇ? ಒಂದೇ ಕೊಳದಲ್ಲಿ ಒಂದೇ ಲೂರನ್ನು ಮತ್ತೆ ಮತ್ತೆ ಕಂಡ, ಸಿಕ್ಕಿ ಬಿಡುಗಡೆಯಾದ ಬಾಸ್ ಅದನ್ನು ತಪ್ಪಿಸಲು ಕಲಿಯುತ್ತದೆ. ಗಾತ್ರ ಕಿರಿದು ಮಾಡಿ: 2.75 ಇಂಚಿನ ಹುಳ, 2–3 ಗ್ರಾಮಿನ ಅಣಬೆ ತಲೆಯ ಜಿಗ್ (ತಲೆಯಲ್ಲಿ ತೂಕವಿರುವ ಗಾಳ).

ಕಚ್ಚಿದರೂ ಗಾಳ ಕೂರುತ್ತಿಲ್ಲ

ಟಿಕ್ ಟಿಕ್ ಎಂದು ಚುರುಕಾಗಿ ಕುಕ್ಕಿ, ಹುಳದ ಬಾಲ ಮಾತ್ರ ಕತ್ತರಿಸಿ ಹೋದರೆ ಅದು ಬಾಸಲ್ಲ, ಬ್ಲೂಗಿಲ್‌ನಂಥ ಸಣ್ಣ ಮೀನು. ಬಾಸ್ ಬಾಯಿ ತೆರೆದು ನೀರಿನ ಸಮೇತ ಹೀರಿಕೊಳ್ಳುತ್ತದೆ. ಕೈಗೆ ತಟ್ಟುವುದು ಒಂದೇ ಒಂದು ‘ಠಪ್’, ಇಲ್ಲವೇ ದಾರ ಸುಮ್ಮನೆ ಪಕ್ಕಕ್ಕೆ ಸರಿಯುತ್ತದೆ.

ಬಾಸೇ ಎಂದು ಖಚಿತವಾದರೆ ಗಾಳದ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ. ಜಾರಿದರೆ ಮೊಂಡು, ಕಚ್ಚಿ ನಿಂತರೆ ಹರಿತ. ಆಮೇಲೆ ಡ್ರ್ಯಾಗ್: ಸೆಳೆದ ಕ್ಷಣ ಸ್ಪೂಲ್ ಜಾರಿದರೆ ಶಕ್ತಿಯೆಲ್ಲ ಅಲ್ಲೇ ಸೋರುತ್ತದೆ. ಮೇಲೆ ಹೇಳಿದ ಹಿಮ್ಮುಖ ತಡೆ ಜಾರುತ್ತಿದ್ದರೂ ಅಷ್ಟೇ. ‘ಈ ಲೂರಿಗೆ ಮೀನು ಸರಿಯಾಗಿ ಕಚ್ಚುವುದಿಲ್ಲ’ ಎಂದು ಮೂಲೆ ಸೇರಿದ ಎಷ್ಟೋ ಲೂರುಗಳ ನಿಜವಾದ ಶತ್ರು ಆ ಕ್ಲಚ್ಚು. ಉದ್ದದ ಎಸೆತದಲ್ಲಿ ನೈಲಾನ್ ದಾರ ಹಿಗ್ಗುವುದೂ ಲೆಕ್ಕಕ್ಕೆ ಬರುತ್ತದೆ. ಗಾಳವನ್ನು ಹುಳದೊಳಗೆ ಮರೆಮಾಡಿ ಕಟ್ಟುವವರು 5 ಇಂಚಿನ ಹುಳಕ್ಕೆ 3/0 ಗಾತ್ರದ ಅಗಲ ಬಾಯಿಯ ಗಾಳಕ್ಕಿಂತ ಕಿರಿದು ಹಾಕಬಾರದು. ಕಪ್ಪೆ ಲೂರಿನ ಮದ್ದು ತಾಳ್ಮೆ: ನೀರು ಸಿಡಿದದ್ದು ಕಂಡು ಸೆಳೆಯಬೇಡಿ, ಭಾರ ಕೈಗೆ ಬಂದ ಮೇಲೆ ಸೆಳೆಯಿರಿ. ಟೊಳ್ಳಿನಲ್ಲಿ ನೀರು ತುಂಬಿದ್ದರೆ ಹಿಂಡಿ ತೆಗೆಯಿರಿ, ಇಲ್ಲವಾದರೆ ಬಾಲ ಮುಳುಗಿ ಗಾಳಗಳ ಮೊನೆ ನೀರಿನ ಕೆಳಗಿರುತ್ತದೆ.

ಸಿಕ್ಕಿದ್ದು ತಪ್ಪಿಸಿಕೊಳ್ಳುತ್ತಿದೆ, ದಾರ ಕಡಿಯುತ್ತಿದೆ

ಕಡಿದ ತುದಿಯನ್ನು ಎಸೆಯಬೇಡಿ, ಓದಿ. ಹಂದಿಯ ಬಾಲದಂತೆ ಸುರುಳಿಯಾಗಿದ್ದರೆ ಗಂಟು ಜಾರಿದೆ. ಎಂಜಲು ಹಚ್ಚಿ ಒದ್ದೆ ಮಾಡಿ ನಿಧಾನ ಬಿಗಿದಿದ್ದರೆ ಹಾಗಾಗುತ್ತಿರಲಿಲ್ಲ. ಬ್ರೇಡಿಗೆ ಪಾಲೊಮಾರ್ ಗಂಟು ನಂಬಿಗಸ್ತ. ತುದಿ ಒರಟಾಗಿ ಬಿಳಿಚಿದ್ದರೆ ಕಲ್ಲು, ಕೊಂಬೆಗೆ ಉಜ್ಜಿದೆ. ಗಂಟಿನಿಂದ ಮೀಟರುಗಟ್ಟಲೆ ಮೇಲೆ, ಪದೇ ಪದೇ ಕಡಿಯುತ್ತಿದ್ದರೆ ರಾಡಿನ ರಿಂಗೊಂದು ಸೀಳಿದೆ. ಕಣ್ಣಿಗೆ ಕಾಣದ ಸೀಳನ್ನು ಹತ್ತಿ ಕಂಡುಹಿಡಿಯುತ್ತದೆ: ಪ್ರತಿ ರಿಂಗಿನೊಳಗೂ ಹತ್ತಿಯ ಎಳೆ ಸುತ್ತಾಡಿಸಿ, ಸಿಕ್ಕಿಕೊಂಡಲ್ಲಿ ದೋಷ.

ಡ್ರ್ಯಾಗನ್ನು ದಾರದ ಬಲದ ಕಾಲುಭಾಗಕ್ಕೆ ಹೊಂದಿಸುವುದು ರೂಢಿ. 8 ಪೌಂಡಿನ ದಾರವೆಂದರೆ ಸುಮಾರು 3.6 ಕಿಲೊ, ಕೊಕ್ಕೆ ತಕ್ಕಡಿಯನ್ನು ದಾರಕ್ಕೆ ಕಟ್ಟಿ ಎಳೆದಾಗ 900 ಗ್ರಾಮಿನ ಆಸುಪಾಸಿನಲ್ಲಿ ಸ್ಪೂಲ್ ಬಿಡಬೇಕು. ಅಂಕಿಗಿಂತ ಮುಖ್ಯವಾದದ್ದು ಬಿಡುವ ಬಗೆ. ಮೊದಲು ಹಿಡಿದು, ಆಮೇಲೆ ತಟ್ಟನೆ ಬಿಟ್ಟರೆ ವಾಷರುಗಳು ಒಣಗಿವೆ ಅಥವಾ ಚಪ್ಪಟೆಯಾಗಿವೆ, ಆ ಮೊದಲ ಹಿಡಿತದಲ್ಲೇ ತೆಳು ದಾರ ಕಡಿಯುತ್ತದೆ. ವಾಷರ್ ತೆಗೆದು ಒರೆಸಿ, ಡ್ರ್ಯಾಗಿಗೆಂದೇ ಸಿಗುವ ಗ್ರೀಸನ್ನು ತೆಳುವಾಗಿ ಸವರಿ, ಇದ್ದ ಕ್ರಮದಲ್ಲೇ ಮರಳಿ ಜೋಡಿಸಿ. ಮೀನು ನೆಗೆದಾಗಲೇ ತಪ್ಪುತ್ತಿದ್ದರೆ ರಾಡಿನ ತುದಿ ನೀರಿನತ್ತ ತಗ್ಗಿಸಿ, ದಾರ ಸಡಿಲಾಗದಂತೆ ನೋಡಿಕೊಳ್ಳಿ. ಮೂರು ಮೊನೆಯ ಗಾಳವಿರುವ ಲೂರಿಗೆ ಗಡಸು ರಾಡ್ ಬಳಸಿದರೆ ಗಾಳವೇ ಬಾಯಿ ಹರಿದು ಬರುತ್ತದೆ; ಅದಕ್ಕೆ ಬಾಗುವ ರಾಡ್ ಬೇಕು.

ಡಬ್ಬಿಯೊಳಗಿನ ದೋಷಗಳು

ಒದ್ದೆ ಲೂರನ್ನು ಮುಚ್ಚಿದ ಡಬ್ಬಿಗೆ ಹಾಕಿದರೆ ಒಂದರ ತುಕ್ಕು ಹತ್ತಕ್ಕೆ ಹರಡುತ್ತದೆ. ಮೆತ್ತನೆಯ ಹುಳಗಳನ್ನು ಅವು ಬಂದ ಚೀಲದಲ್ಲೇ ಇಡಿ. ಬೇರೆ ಬೇರೆ ವಸ್ತುವಿನ ಹುಳಗಳು ಒಂದಕ್ಕೊಂದು ತಾಗಿದರೆ ಕರಗಿ ಅಂಟಾಗುತ್ತವೆ, ಗಟ್ಟಿ ಲೂರುಗಳ ಬಣ್ಣವನ್ನೂ ತಿನ್ನುತ್ತವೆ. ಹರಿದ ಹುಳ ನೀರಿಗಲ್ಲ, ಜೇಬಿಗೆ. ಮೀನು ನುಂಗಿದ ಪ್ಲಾಸ್ಟಿಕ್ ಹೊಟ್ಟೆಯಲ್ಲೇ ಉಳಿದುಬಿಡಬಹುದು. ಇನ್ನೊಂದು ಕೊಳಕ್ಕೆ ಹೋಗುವ ಮೊದಲು ದಾರ, ಲೂರ್, ಬೂಟುಗಳ ಮೇಲಿನ ಪಾಚಿ ಕೆಸರನ್ನು ಅಲ್ಲೇ ತೊಳೆದು ಪೂರ್ತಿ ಒಣಗಿಸಿ. ಒಂದು ಕೊಳದ ಕಳೆ ಇನ್ನೊಂದನ್ನು ಸೇರಲು ಬೆರಳುದ್ದದ ತುಂಡು ಸಾಕು.